ಸಾಲಿಗೆ ಹಿಡಿಯುವ ಟ್ರ್ಯಾಕ್ಟರ್

ಫೆಬ್ರುವರಿ 4, ಬೆಳಿಗ್ಗೆ 10.20

ಪವರ್ ಟಿಲ್ಲರಿನ ಆಯಿಲ್ ನೋಡಿದೆ. ಕಮ್ಮಿ. ಹಾಕಿದೆ. ಬೆಲ್ಟ್ ಇನ್ನೊಂದು ತಿಂಗಳು ತಡೆಯಬಹುದು. ಹನ್ನೊಂದು ಸಾಲು ನಿಂಬೆ, ನಡುವೆ ಹತ್ತು ಓಣಿ. ನಾಲ್ಕು ಓಣಿಯ ಕಳೆ ಹೊಡೆದಾಯಿತು, ಆರು ಬಾಕಿ.

ಬೆರಳು ಇವತ್ತೂ ಬೆಳ್ಳಗಾದವು. ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು. ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದು ಕೂತೆ. ಬಿಸಿ ಗೊತ್ತಾಗಲು ಕಾಲು ಗಂಟೆ ಬೇಕಾಯಿತು. ಇವಳು ಅಡುಗೆಮನೆಯಿಂದ, "ಏನ್ರೀ, ಲೋಟಾನ ಮುದ್ದು ಮಾಡ್ತಾ ಇದೀರಾ?" ಅಂದಳು. ಚಳಿ ಎಂದೆ. "ಎಲ್ಲರಿಗೂ ಸೆಕೆ, ನಿಮಗೊಬ್ಬರಿಗೆ ಚಳಿ" ಅಂದಳು. ಸದ್ಯ ಅಲ್ಲಿಗೆ ಬಿಟ್ಟಳು.

ಫೆಬ್ರುವರಿ 9

ಕನ್ನಡಕದ ನೆಪ ಹೇಳಿ ಪೇಟೆಗೆ ಹೋಗಿದ್ದೆ. ಹೋದದ್ದು ಡಾಕ್ಟರ ಹತ್ತಿರ. ಕಣ್ಣು ಮುಚ್ಚಿ, ಪಿನ್ ಚುಚ್ಚಿದಾಗ ಹೇಳಿ ಅಂದರು. ಕಣ್ಣು ಮುಚ್ಚಿ ಕಾಯುತ್ತಾ ಕೂತೆ. ಇನ್ನೂ ಶುರು ಮಾಡಿಲ್ಲವೇನೋ ಅಂದುಕೊಂಡಿದ್ದೆ. ಐದೂ ಬೆರಳು ಮುಗಿಸಿಬಿಟ್ಟಿದ್ದರು.

"ಎಷ್ಟು ವರ್ಷದಿಂದ ಆ ಮಷಿನ್ ಹಿಡೀತಾ ಇದೀರಿ?"

"ಇಪ್ಪತ್ತಾರು."

"ಅದರ ನಡುಕ ನರಕ್ಕೇ ಹೋಗಿದೆ. ಹೋಗಿದ್ದು ಪೂರ್ತಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು ಅಂದ್ರೆ ಟಿಲ್ಲರ್ ಮುಟ್ಟಬೇಡಿ."

ಕೂತು ಓಡಿಸುವ ಮಷಿನ್ ಆದರೆ? ಎಂದು ಕೇಳಿದೆ. ಅದು ಇದಕ್ಕಿಂತ ವಾಸಿ ಅಂದರು. ಅಷ್ಟು ಸಾಕು ನನಗೆ.

ಇವಳಿಗೆ ಹೇಳುವ ಹಾಗಿಲ್ಲ. ಬಾಮೈದ ಮೂರು ವರ್ಷದಿಂದ ತಲೆ ತಿನ್ನುತ್ತಿದ್ದಾನೆ. "ಭಾವ, ಇನ್ನೆಷ್ಟು ದಿನ ಒದ್ದಾಡ್ತೀರಿ? ತೋಟ ನನಗೆ ಗುತ್ತಿಗೆಗೆ ಬಿಡಿ. ನಮ್ಮನೆ ಮಹಡಿ ಮೇಲೆ ಎರಡು ರೂಮ್ ಖಾಲಿ ಇದೆ, ಅಕ್ಕನೂ ನೀವೂ ಆರಾಮಾಗಿರಿ." ಇವಳು ನನ್ನ ಮುಖ ನೋಡಿಕೊಂಡು ಬೇಡ ಅನ್ನುತ್ತಾ ಬಂದಿದ್ದಾಳೆ. ಕೈ ವಿಷಯ ಗೊತ್ತಾದರೆ ಅವತ್ತೇ ಗಂಟುಮೂಟೆ ಕಟ್ಟುತ್ತಾಳೆ. ಮಹಡಿಯಲ್ಲಿ ಕೂತು ಬಸ್ಸು ಎಣಿಸುವುದು ನನ್ನಿಂದ ಆಗದು. ಹೆದರಿಕೆಯಾಗಿದೆ. ಇಲ್ಲಿ ಬರೆದುಕೊಳ್ಳಲು ಏನು ನಾಚಿಕೆ... ಹೆದರಿಕೆಯೇ.

ಫೆಬ್ರುವರಿ 10

ಮಾತು ತೆಗೆದೆ. ಒಂದು ಚಿಕ್ಕ ಟ್ರ್ಯಾಕ್ಟರ್ ತಗೊಂಡರೆ ಹೇಗೆ ಎಂದು.

"ಅರವತ್ತೆರಡಕ್ಕೆ ಆಟದ ಸಾಮಾನಿನ ಮೇಲೆ ಆಸೆ ಬಂತಾ?"

ಗೊಬ್ಬರ ಸಾಗಿಸಬಹುದು, ಔಷಧಿ ಹೊಡೆಯಬಹುದು, ವಾರದ ಕೆಲಸ ಎರಡು ದಿನಕ್ಕೆ ಮುಗಿಯುತ್ತದೆ ಎಂದೆ.

"ಮಿಕ್ಕ ಐದು ದಿನ ಏನ್ ಮಾಡ್ತೀರಿ? ಟಿಲ್ಲರಿಗೆ ಏನಾಗಿದೆ?"

"ಹಳೇದಾಯ್ತಲ್ಲ."

"ನೀವೂ ಹಳಬರೇ. ನಾನೇನು ಬದಲಾಯಿಸಿದೀನಾ?"

ನಾನು ಎದ್ದು ಹೋಗುವಾಗ ಕನ್ನಡಕ ಎಲ್ಲಿ ಅಂದಳು. ಆರ್ಡರ್ ಕೊಟ್ಟಿದ್ದೇನೆ ಎಂದೆ. ಈಗ ಒಂದು ಕನ್ನಡಕವನ್ನೂ ತರಬೇಕು.

ಫೆಬ್ರುವರಿ 16

ಶೋರೂಮಿಗೆ ಹೋಗಿ ಬಂದೆ. ಸೇಲ್ಸ್‌ನವನು ಮಾತಿನಮಲ್ಲ. ಇಪ್ಪತ್ತನಾಲ್ಕು ಎಚ್‌ಪಿ, ಸೀಟಿಗೆ ಸ್ಪ್ರಿಂಗ್, ಪವರ್ ಸ್ಟಿಯರಿಂಗ್, "ಒಂದೇ ಬೆರಳಲ್ಲಿ ತಿರುಗಿಸಬಹುದು ಸಾರ್" ಅಂದ. ಯಾವ ಬೆರಳು ಎಂದು ಕೇಳೋಣ ಅನ್ನಿಸಿತು. ಅಗಲ ಮೂರು ಅಡಿ ಒಂಬತ್ತು ಇಂಚು. ಮನೆಗೆ ಬಂದು ಓಣಿ ಅಳೆದೆ. ಕೊಂಬೆಯಿಂದ ಕೊಂಬೆಗೆ ಐದು ಅಡಿ. ಧಾರಾಳ.

ಶೋರೂಮಿನಲ್ಲಿ ಸೀಟಿನ ಮೇಲೆ ಕೂತು ನೋಡಿದ್ದೆ. ಬೆನ್ನಿಗೆ ಆಸರೆ ಇದೆ. ಬಹಳ ಇಷ್ಟವಾಯಿತು. ಆಸೆ ಬಂತಾ ಅಂತ ಇವಳು ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಫೆಬ್ರುವರಿ 25, ಮಧ್ಯಾಹ್ನ

ಒಂಬತ್ತು ದಿನ ಇದೇ ಮಾತು. ಊಟಕ್ಕೆ ಕೂತರೂ ಟ್ರ್ಯಾಕ್ಟರ್, ಎದ್ದರೂ ಟ್ರ್ಯಾಕ್ಟರ್. ನಡುವೆ ಎರಡು ದಿನ ಟಿಲ್ಲರ್ ಹೊಡೆದೆ, ಇವಳಿಗೆ ಅನುಮಾನ ಬರಬಾರದೆಂದು. ಆಮೇಲೆ ಷರ್ಟಿನ ಗುಂಡಿ ಹಾಕಲು ಆಗಲಿಲ್ಲ. ಬನಿಯನ್ನಿನಲ್ಲೇ ಓಡಾಡಿದೆ. ಅದಕ್ಕೂ ಬೈಸಿಕೊಂಡೆ.

ಕೊನೆಗೆ ಇವತ್ತು, "ಸರಿ, ತಂದು ತೋರಿಸ್ಲಿ. ನೋಡಿದ ಮಾತ್ರಕ್ಕೆ ತಗೊಂಡಂಗೆ ಆಗಲ್ಲ" ಅಂದಳು. ಫೋನ್ ಮಾಡಿದ್ದೇನೆ. ಮೊದಲು ಬಂದು ಜಾಗ ಅಳೆಯುತ್ತಾನಂತೆ.

ಮಾರ್ಚ್ 2

ಇಪ್ಪತ್ತಾರು ವರ್ಷದ ಮರ್ಯಾದೆ ಇವತ್ತು ಒಂದು ಟೇಪಿನಲ್ಲಿ ಹೋಯಿತು.

ಸೇಲ್ಸ್‌ನವನು ಮನೆ ಕಡೆ ಅಳೆದ. ಐದು ಅಡಿ, ಸರಿ. ಓಣಿ ಉದ್ದಕ್ಕೂ ನಡೆದು ಬಾವಿ ಕಡೆ ಅಳೆದ. ಮೂರು ಅಡಿ. ಪಕ್ಕದ ಓಣಿ, ಮೂರು. ಹತ್ತೂ ಓಣಿ ಹಾಗೇ. "ಸಾರ್, ಇದು ಓಣಿ ಅಲ್ಲ, ಲಾಳಿಕೆ. ಒಳಗೆ ಹೋದ ಗಾಡಿ ಆಚೆ ಬರಲ್ಲ."

ಇವಳೂ ನಾನೂ ಮುಖ ಮುಖ ನೋಡಿಕೊಂಡೆವು. ಗಿಡ ನೆಟ್ಟ ವರ್ಷ ನಮ್ಮ ಹತ್ತಿರ ಟೇಪ್ ಇರಲಿಲ್ಲ. ಆರು ಹೆಜ್ಜೆಗೆ ಒಂದು ಸಾಲು ಎಂದು ಮಾತಾಡಿಕೊಂಡು, ಮನೆ ಕಡೆ ನಾನು ಗೂಟ ಹೊಡೆಯುತ್ತಾ ಹೋದೆ, ಬಾವಿ ಕಡೆ ಇವಳು. ಇಬ್ಬರೂ ಎಣಿಸಿದ್ದು ಆರೇ. ಗೂಟದಿಂದ ಗೂಟಕ್ಕೆ ಹಗ್ಗ ಎಳೆದು ಗಿಡ ಇಟ್ಟೆವು. ಕೊನೆಗೆ ಬಾವಿ ಕಡೆ ಇಪ್ಪತ್ತು ಅಡಿ ಜಾಗ ಮಿಕ್ಕಿತು. ಜಮೀನೇ ಸೊಟ್ಟ ಅಂದುಕೊಂಡೆವು. ಅಲ್ಲಿಂದ ಇಲ್ಲಿಯತನಕ ಬಂದವರಿಗೆಲ್ಲ ಹೇಳಿದ್ದೂ ಅದನ್ನೇ, ನಮ್ಮ ಜಮೀನು ಸ್ವಲ್ಪ ಸೊಟ್ಟ. ಟಿಲ್ಲರ್ ಎರಡೂವರೆ ಅಡಿಯೊಳಗೆ ನುಸುಳುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

"ನಿನ್ನ ಹೆಜ್ಜೆ ಚಿಕ್ಕದು ಅಂತ ಅವತ್ತೇ ಹೇಳಬಾರದಾ?" ಎಂದೆ.

"ನಂದು ಮನುಷ್ಯರ ಹೆಜ್ಜೆ. ನಿಮ್ದು ಒಂಟೆ ಹೆಜ್ಜೆ."

ಸೇಲ್ಸ್‌ನವನು ಟೇಪ್ ಸುತ್ತುತ್ತಾ ಹುಳ್ಳಗೆ ನಗುತ್ತಿದ್ದ. ಬಾವಿ ಕಡೆ ಕೊಂಬೆ ಕತ್ತರಿಸಿದರೆ ಜಾಗವಾಗುತ್ತದೆ, ಆದರೆ ಒಂದು ವರ್ಷದ ಕಾಯಿ ಹೋಗುತ್ತದೆ. ಇಲ್ಲವೇ ಅರ್ಧ ದಾರಿ ಹೋಗಿ ರಿವರ್ಸ್ ಬರಬೇಕು ಅಂದ. ರಿವರ್ಸ್ ಬರುತ್ತೇನೆ, ಅದೇನು ಮಹಾ ಎಂದೆ. ಶುಕ್ರವಾರ ಗಾಡಿ ತರುತ್ತಾನೆ.

ಮಾರ್ಚ್ 6, ಸಂಜೆ

ಎಲ್ಲ ಕೆಟ್ಟಿತು.

ಗಾಡಿ ಹತ್ತಿದೆ. ಮೊದಲ ಓಣಿಯಲ್ಲಿ ಅರ್ಧ ದಾರಿ ಚೆನ್ನಾಗಿ ಹೋಯಿತು. ನಿಲ್ಲಿಸಿದೆ. ರಿವರ್ಸ್ ಹಾಕಿ ಹಿಂದೆ ತಿರುಗಿ ನೋಡುತ್ತಾ ಕ್ಲಚ್ ಬಿಟ್ಟೆ. ಗಾಡಿ ಮುಂದಕ್ಕೆ ನುಗ್ಗಿತು. ಗೇರಿನ ಲಿವರ್ ಎಲ್ಲಿ ಬಿದ್ದಿದೆ ಎಂದು ಕೈಗೆ ಗೊತ್ತೇ ಆಗಿರಲಿಲ್ಲ. ಕಣ್ಣಿನಿಂದ ನೋಡಿ ಹಾಕಬೇಕಿತ್ತು. ಎಡಗಡೆಯ ಗಿಡ ಬುಡದಲ್ಲೇ ಸೀಳಿತು. ಕೊಂಬೆಯೆಲ್ಲ ಮೈಮೇಲೆ.

ಸೇಲ್ಸ್‌ನವನು ಓಡಿ ಬಂದು ಆಫ್ ಮಾಡಿದ. "ಮೊದಲ ಸಲ ಎಲ್ಲರಿಗೂ ಆಗುತ್ತೆ ಸಾರ್" ಅಂದ. ಪಾಪ, ಒಳ್ಳೆಯವನು. ಇಳಿದು ಬಂದು ಇವಳ ಮುಂದೆ ನಿಂತು, ಗಿಡ ಹಳೆಯದು, ಒಳಗೆ ಟೊಳ್ಳಾಗಿತ್ತು ಅಂತೇನೋ ಹೇಳುತ್ತಿದ್ದೆ. ಇವಳು ಗಿಡ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು. ಹೆಬ್ಬೆರಳಿನ ಬುಡದಲ್ಲಿ ನಿಂಬೆ ಮುಳ್ಳು, ಒಂದು ಇಂಚಿನದು, ಅರ್ಧ ಒಳಗೆ. ರಕ್ತ ಮಣಿಕಟ್ಟಿನ ತನಕ ಇಳಿದಿತ್ತು. ನಾನು ಅದೇ ಕೈ ಆಡಿಸುತ್ತಾ ಮಾತಾಡುತ್ತಿದ್ದೆ.

"ನೋವಾಗ್ತಾ ಇಲ್ವಾ?" ಅಂದಳು.

ಮುಳ್ಳು ಕಿತ್ತಳು. ಮತ್ತೆ ಕೇಳಿದಳು. ಅವಳೇ ಒಂದೊಂದು ಬೆರಳನ್ನೂ ಉಗುರಿನಿಂದ ಚುಚ್ಚುತ್ತಾ ಹೋದಳು, ಅವತ್ತು ಡಾಕ್ಟರು ಮಾಡಿದ ಹಾಗೆ. ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ.

ಮಾರ್ಚ್ 7

ಮಾತಿಲ್ಲ. ತಟ್ಟೆ ಇಟ್ಟು ಹೋದಳು.

ಮಾರ್ಚ್ 8

ಮಾತಾಡಿದಳು. ಆಡದಿದ್ದರೇ ಚೆನ್ನಾಗಿತ್ತು.

"ಎಷ್ಟು ದಿನದಿಂದ?"

ಒಂದು ವರ್ಷ ಎಂದೆ. ಜಾಸ್ತಿಯೇ ಆಗಿದೆ.

"ಕನ್ನಡಕ?"

ಡಾಕ್ಟರು ಎಂದೆ.

"ಹೋದ ತಿಂಗಳು ಗಾಜಿನ ಲೋಟ ಬಿದ್ದು ಒಡೀತಲ್ಲ, ಒದ್ದೆ ಲೋಟ ಕೊಟ್ಟೆ ಅಂತ ನನ್ನ ಬೈದ್ರಿ. ನಾನೂ ಹೌದೇನೋ ಅಂತ ಅವತ್ತಿಂದ ಲೋಟ ಎಲ್ಲ ಒರೆಸಿ ಒರೆಸಿ ಕೊಡ್ತಾ ಇದೀನಿ."

ನೆಲ ನೋಡುತ್ತಾ ಕೂತಿದ್ದೆ. ಮದುವೆಯಾದ ಮೇಲೆ ಇಷ್ಟು ಚಿಕ್ಕವನಾಗಿ ಎಂದೂ ಕೂತಿರಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ತಮ್ಮನಿಗೆ ಫೋನ್ ಮಾಡಿದಳು. "ನಾಳೆ ಬಾ. ವ್ಯಾನ್ ತಗೊಂಡು ಬಾ. ಕೆಲಸ ಇದೆ." ಅಷ್ಟೇ ಕೇಳಿಸಿತು.

ವ್ಯಾನ್ ಏತಕ್ಕೆ, ಗೊತ್ತು. ಸಾಮಾನು ಸಾಗಿಸಲು. ತೋಟಕ್ಕೆ ಹೋಗಿ ಸೀಳಿದ ಗಿಡದ ಹತ್ತಿರ ಸುಮ್ಮನೆ ನಿಂತು ಬಂದೆ.

ಮಾರ್ಚ್ 9, ರಾತ್ರಿ ಊಟಕ್ಕೆ ಮುಂಚೆ

ಬಾಮೈದ ಹತ್ತು ಗಂಟೆಗೇ ಬಂದ. ಇಸ್ತ್ರಿ ಷರ್ಟು, ಕೈಯಲ್ಲಿ ಫೈಲು. ಗುತ್ತಿಗೆ ಕಾಗದ ಟೈಪ್ ಮಾಡಿಸಿಯೇ ತಂದಿದ್ದ. ನನ್ನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಿ ಭಾವ. ಮಹಡಿಗೆ ಸುಣ್ಣ ಹೊಡೆಸ್ತೀನಿ" ಅಂದ.

ಇವಳು ಫೈಲು ತೆಗೆದುಕೊಂಡು ಕುರ್ಚಿಯ ಮೇಲಿಟ್ಟಳು. "ಇದು ಆಮೇಲೆ. ನಂಗೆ ಕ್ಲಚ್ಚು ಗೇರು ಹೇಳ್ಕೊಡು."

"ಯಾವುದರದ್ದು?"

"ನಿನ್ನ ವ್ಯಾನಿಂದು. ಗೇರು ಗೇರೇ ತಾನೇ. ಟ್ರ್ಯಾಕ್ಟರ್ ಬರೋ ಹೊತ್ತಿಗೆ ಕಾಲಿಗೆ ಅಭ್ಯಾಸ ಆಗಿರ್ಲಿ."

ಅವನು ನನ್ನನ್ನು ನೋಡಿದ, ನಾನು ಇವಳನ್ನು ನೋಡಿದೆ. ಬಾಯಿಗೆ ಬಂದದ್ದು ಒಂದೇ ಮಾತು. "ಮಹಡಿಗೆ ಹೋಗಲ್ವಾ?"

"ನೀವು ಬೇಕಾದ್ರೆ ಹೋಗಿ" ಅಂದಳು. ಕೋಪ ಇನ್ನೂ ಇಳಿದಿರಲಿಲ್ಲ. "ಈ ತೋಟ ನಿಮ್ಮೊಬ್ಬರದೇ ಅನ್ಕೊಂಡಿದ್ರಾ? ನಿಮ್ಮ ಕೈ ಹೋದ್ರೆ ತೋಟಾನೂ ಹೋಯ್ತಾ? ಅರ್ಧ ಗೂಟ ಹೊಡೆದೋಳು ನಾನು."

ಇಷ್ಟು ವರ್ಷ ಇವಳು ನನಗೋಸ್ಕರ ಇಲ್ಲಿ ಇದ್ದಾಳೆ ಅಂದುಕೊಂಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ಈ ತಪ್ಪು ಕನ್ನಡಕದ ಸುಳ್ಳಿಗಿಂತ ದೊಡ್ಡದು.

ವ್ಯಾನು ಅಂಗಳದಲ್ಲಿ ಹನ್ನೊಂದು ಸಲ ಆಫ್ ಆಯಿತು. ಹನ್ನೆರಡನೆಯದಕ್ಕೆ ಗೇಟಿನ ತನಕ ಹೋಯಿತು. ಬಾಮೈದನ ಷರ್ಟು ಬೆವರಿನಲ್ಲಿ ನೆನೆದಿತ್ತು. ಹೋಗುವಾಗ ಫೈಲು ಮರೆತು ಹೋದ. ಅಥವಾ ಬಿಟ್ಟು ಹೋದನೋ.

ಮಾರ್ಚ್ 19

ಇವಳು ವ್ಯಾನ್ ಕಲಿಯಲು ಮೂರು ವಾರ ಬೇಕಾಗುತ್ತದೆ ಅಂದಿದ್ದ ಬಾಮೈದ. ಆರು ದಿನ ಸಾಕಾಯಿತು. ರಿವರ್ಸ್ ಕೂಡ. ಬಾಮೈದನಿಗೆ ಸಿಟ್ಟೋ ಹೆಮ್ಮೆಯೋ ಹೇಳುವುದು ಕಷ್ಟ. "ಅಕ್ಕ ನನಗಿಂತ ನೆಟ್ಟಗೆ ತೆಗೀತಾಳೆ" ಎಂದು ಮುಖ ಊದಿಸಿಕೊಂಡು ಹೇಳಿದ.

ಇವತ್ತು ಇಬ್ಬರೂ ಶೋರೂಮಿಗೆ ಹೋದೆವು. ಫಾರಂ ತುಂಬಿದ್ದಾಯಿತು. ನಾನು ಸಹಿ ಹಾಕಿದೆ. ಬ್ಯಾಂಕಿನ ಪುಸ್ತಕದ ಸಹಿಗೆ ಹೋಲಲಿಲ್ಲ. ಇನ್ನೊಂದು ಹಾಕಿ ಸಾರ್ ಅಂದ ಸೇಲ್ಸ್‌ನವನು. ಹಾಕಿದೆ. ಇನ್ನೊಂದು. ಪೆನ್ನು ಜಾರಿ ಮೇಜಿನ ಕೆಳಗೆ ಹೋಯಿತು. ಬಗ್ಗಿ ಹುಡುಕುವಾಗ ಕಿವಿಯೆಲ್ಲ ಬಿಸಿ.

ಎದ್ದು, "ಇವರ ಹೆಸರಿಗೇ ಮಾಡಿ" ಎಂದೆ. ಹೊಸ ಫಾರಂ ತಂದ. ಇವಳು ನಿಧಾನವಾಗಿ, ಅಕ್ಷರ ಎಣಿಸಿದ ಹಾಗೆ ಸಹಿ ಮಾಡಿದಳು. ಸಂಕಟವಾಯಿತು. ಸಮಾಧಾನವೂ ಆಯಿತು. ಎರಡೂ ಒಂದೇ ಸಲ ಆಗಬಹುದೆಂದು ಗೊತ್ತಿರಲಿಲ್ಲ.

ಮಾರ್ಚ್ 28

ಬಾವಿ ಕಡೆ ಕೊಂಬೆ ಕತ್ತರಿಸಿ ಮುಗಿಯಿತು. ಎಂಟು ದಿನ ಹಿಡಿಯಿತು. ಗರಗಸ ಇವಳದು, ಎಳೆದು ಹಾಕುವುದು ನನ್ನದು. ದಪ್ಪ ಕೈಗವಸು ಹಾಕದೆ ತೋಟಕ್ಕೆ ಕಾಲಿಡಬಾರದೆಂದು ಹುಕುಂ ಆಗಿದೆ. ದಿನಾ ಸಂಜೆ ದೀಪದ ಹತ್ತಿರ ಕರೆದು ಎರಡೂ ಕೈ ತಿರುಗಿಸಿ ನೋಡುತ್ತಾಳೆ. ಒಂದು ವರ್ಷ ಆ ಕಡೆ ಕಾಯಿ ಇಲ್ಲ. ಆಗಲಿ.

ಟಿಲ್ಲರ್ ಕೊಳ್ಳಲು ಒಬ್ಬರು ಬಂದು ನೋಡಿಕೊಂಡು ಹೋದರು. ಬೆಲ್ಟ್ ಬದಲಾಯಿಸಿ ಎಂದು ಹೇಳಿ ಕಳಿಸಿದೆ.

ಏಪ್ರಿಲ್ 3, ಬೆಳಿಗ್ಗೆ 11

ಗಾಡಿ ಬಂತು. ಇವಳು ಹತ್ತಿದಳು, ನಾನು ಮುಂದೆ ನಡೆದೆ. ಇಪ್ಪತ್ತಾರು ವರ್ಷ ಮಷಿನ್ನಿನ ಹಿಂದೆ ನಡೆದವನಿಗೆ ಮುಂದೆ ನಡೆಯಲು ಬರುವುದಿಲ್ಲ, ಹಿಂದೆ ತಿರುಗಿ ತಿರುಗಿ ನೋಡುತ್ತೇನೆ. "ದಾರಿ ನೋಡಿ, ನನ್ನ ನೋಡಬೇಡಿ" ಅಂತ ಕೂಗಿದಳು.

ಎರಡು ಓಣಿ ಆಯಿತು. ಮೂರನೆಯದರಲ್ಲಿ, ಬಾವಿ ಹತ್ತಿರ, ಎಲೆ ಒತ್ತಾಗಿದ್ದ ಕಡೆ ನಿಲ್ಲಿಸಿದಳು. "ರೀ, ಆ ಎಲೆ ಒಳಗೆ ಮೋಟು ಕೊಂಬೆ ಏನಾದ್ರೂ ಇದೆಯಾ, ಕೈ ಹಾಕಿ ನೋಡಿ." ಮರೆತು ಕೇಳಿದಳೋ, ಬೇಕೆಂದೇ ಕೇಳಿದಳೋ. ಕೈಗವಸು ತೆಗೆದು ಕೈ ಹಾಕಿದೆ. ಏನೂ ಇಲ್ಲ. ಅಥವಾ ಇತ್ತು. ಏನೂ ಇಲ್ಲ, ಬಾ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಒಂದು ವರ್ಷದ ಅಭ್ಯಾಸ.

"ನಂಗೆ ಗೊತ್ತಾಗ್ತಾ ಇಲ್ಲ ಕಣೇ" ಎಂದೆ. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ಕೂಗಿದೆ. "ಕೈಗೆ ಏನೂ ಗೊತ್ತಾಗ್ತಾ ಇಲ್ಲ. ನೀನೇ ಇಳಿದು ನೋಡು."

ಇಳಿದಳು. ನನ್ನ ಕೈ ಪಕ್ಕದಲ್ಲೇ ಕೈ ಹಾಕಿ ತಡವಿದಳು. "ಇದೆ. ದಪ್ಪಗಿದೆ. ಗರಗಸ ತನ್ನಿ" ಅಂದಳು.

ಗರಗಸಕ್ಕೆಂದು ಒಳಗೆ ಬಂದವನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಹಾರ್ನ್ ಹೊಡೆಯುತ್ತಿದ್ದಾಳೆ. ಹೋಗಬೇಕು.