ಮೂರನೆಯ ಸಾಲಿನ ಬಿಡುವು

ಅಣ್ಣಾ,

ಇವತ್ತು ಒಂದು ಹಾಡನ್ನು ಪೂರ್ತಿ ನುಡಿಸಿಬಿಟ್ಟೆ ಕಣೋ! ನೀನು ಹೋದಂದಿನಿಂದ ಪೆಟ್ಟಿಗೆಯಲ್ಲೇ ಮಲಗಿದ್ದ ನಿನ್ನ ಬೇಸ್ ಗಿಟಾರಿನಲ್ಲಿ, ನೀನು ಮೊಟ್ಟಮೊದಲು ಕಲಿತ ಅದೇ ಹಾಡು. ಇಪ್ಪತ್ತು ವರ್ಷ ಸೂಜಿ ಹಿಡಿದ ಬೆರಳಿಗೂ ಬೊಬ್ಬೆ ಎದ್ದಿದೆ. ಆದರೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಗಿಟಾರ್ ಕಲಿಸುವ ಮೇಷ್ಟ್ರಿಗೇ ಆಶ್ಚರ್ಯ. "ಹೇಳಿಕೊಡೋಕ್ ಮುಂಚೇನೇ ನುಡಿಸ್ತೀರಲ್ರೀ! ಆದ್ರೆ ಮೂರನೇ ಸಾಲಾದ್ಮೇಲೆ ಯಾಕೆ ನಿಲ್ಲಿಸ್ತೀರಿ? ಅಲ್ಲಿ ಬಿಡುವೇ ಇಲ್ಲ."

"ಇದೆ ಸಾರ್! ನಮ್ಮಣ್ಣ ದಿನಾ ಅಲ್ಲೇ ನಿಲ್ಲಿಸ್ತಿದ್ದ" ಎಂದು ವಾದಕ್ಕೇ ಇಳಿದೆ. ಅವರು ಮೊಬೈಲಿನಲ್ಲಿ ಮೂಲ ಹಾಡನ್ನೇ ಹಾಕಿ ಕೇಳಿಸಿದರು. ನಿಜ, ಬಿಡುವಿರಲಿಲ್ಲ.

ಆಗ ನೆನಪಾಯಿತು. ನೀನು ಮೂರನೆಯ ಸಾಲು ಮುಗಿಸುವಷ್ಟರಲ್ಲಿ ಪಕ್ಕದ ಕೋಣೆಯಿಂದ ನಾನು ಗೋಡೆಗೆ ಗುದ್ದುತ್ತಿದ್ದೆ. "ಸಾಕು ನಿಲ್ಸೋ, ತಲೆ ಚಿಟ್ಟು ಹಿಡೀತು!" ನೀನು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮೆಲ್ಲಗೆ ಶುರುಮಾಡುತ್ತಿದ್ದೆ. ನಾನು ಕಲಿತದ್ದು ಆ ಬಿಡುವೂ ಸೇರಿದ ಹಾಡನ್ನು.

ಸಂಜೆಯೆಲ್ಲ ನಿನ್ನ ಕೋಣೆಯಲ್ಲಿ ಕೂತು, ಅದೇ ಗೋಡೆಗೆ ಬೆನ್ನು ಕೊಟ್ಟು, ನಿಲ್ಲಿಸದೆ ನುಡಿಸುವುದನ್ನು ಅಭ್ಯಾಸ ಮಾಡಿದೆ. ಈಗ ಬಂತು! ಮೂರನೆಯ ಸಾಲು ನಾಲ್ಕನೆಯದಕ್ಕೆ ಜಾರುವುದು ಎಷ್ಟು ಚೆಂದ, ಅಣ್ಣಾ! ಅದನ್ನು ನಾನು ಇವತ್ತೇ ಕೇಳಿದ್ದು.