ಅರಳಿಕೆ ಚೀಟಿ

ನೆಲ ಕುಸಿದ ಹನ್ನೆರಡನೇ ವರ್ಷ, ಎರಡನೇ ಬೇಸಿಗೆ, ಮೂವತ್ತೆಂಟನೇ ತಾರೀಖು.

ಇನ್ನೂರು ವರ್ಷ ಹಿಂದೆ ಇರುವವರಿಗೆ ಮುನಿವೆಂಕಟನ ನಮಸ್ಕಾರ. ನಮ್ಮ ತಿಂಗಳಿಗೆ ನಲವತ್ತು ದಿನ, ತಾರೀಖು ನೋಡಿ ಗಾಬರಿಯಾಗಬೇಡಿ. ನಾನು ಹತ್ತನೇ ಕ್ಲಾಸಿಗೇ ಓದು ಬಿಟ್ಟವನು. ಅರ್ಥವಾಗದ ಪದ ಬಂದರೆ ಮನ್ನಿಸಿ. ಈ ಕಾಗದವನ್ನು ಹಳೇ ಗಣಿಯ ಬಾವಿಗೆ ಬಿಡುತ್ತೇನೆ. ಆಳಕ್ಕೆ ಹೋದಷ್ಟೂ ಹಳೇ ಕಾಲ ಸಿಗುತ್ತದಂತೆ.

ನಮ್ಮ ಊರು ಆ ಗಣಿಯ ಮೇಲೇ ಇದೆ. ಕೆಳಗೆ ಸುರಂಗ ಇರುವ ಕಡೆಗೆ ಟೊಳ್ಳುನೆಲ ಅನ್ನುತ್ತೇವೆ, ಬಂಡೆ ಇರುವ ಕಡೆಗೆ ಗಟ್ಟಿನೆಲ. ಹನ್ನೆರಡು ವರ್ಷದ ಹಿಂದೆ ಟೊಳ್ಳುನೆಲದ ನಾಲ್ಕು ಬೀದಿ ಒಳಗೆ ಹೋಯಿತು. ನನ್ನ ಅಕ್ಕ ಪಿಳ್ಳಮ್ಮನ ಮಗಳು ರತ್ನಿ, ಐದು ವರ್ಷದವಳು, ಅದರಲ್ಲಿ ಹೋದಳು. ಉಳಿದವರಿಗೆಲ್ಲ ಕೊಡುವಷ್ಟು ಕೋಣೆ ಗಟ್ಟಿನೆಲದಲ್ಲಿ ಇರಲಿಲ್ಲ. ಯಾರಿಗೆ ಕೊಡುವುದು ಅಂತ ತೀರ್ಮಾನಿಸಲು ಅಳತೆಯವರು ಬಂದರು. ದೊಡ್ಡ ಪೆಟ್ಟು ತಿಂದ ಕೆಲವರು ಆಮೇಲೆ ಮೊದಲಿಗಿಂತ ಗಟ್ಟಿಯಾಗುತ್ತಾರೆ ಅಂತ ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ. ಅದು ಸುಳ್ಳಲ್ಲ. ನಮ್ಮವರು ಅದಕ್ಕೆ ಅರಳಿಕೆ ಅಂತ ಹೆಸರಿಟ್ಟು, ಅಂಕ ಹಾಕತೊಡಗಿದರು. ಪ್ರತಿ ವರ್ಷ ಕುಸಿದ ದಿನ ವೇದಿಕೆ ಹತ್ತಿ, ಕಳೆದುಕೊಂಡದ್ದರಿಂದ ಏನು ಗಳಿಸಿದೆ ಅಂತ ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಚೀಟಿ, ಚೀಟಿ ಇದ್ದವರಿಗೆ ಕೋಣೆ. ಜನ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಅಳಬಹುದು, ಆದರೆ ಕೊನೆಗೆ ನಗಬೇಕು. ನಗದಿದ್ದರೆ ಐದು ಅಂಕ ಹೋಗುತ್ತದೆ.

ಅಕ್ಕ ಹತ್ತು ವರ್ಷ ಫೇಲಾದಳು. "ಗಳ್ಸಿದ್ದೇನಿಲ್ಲ" ಅಂದು ಇಳಿದುಬಿಡುತ್ತಿದ್ದಳು. ಬೆಳಗಾದರೆ ಒನಕೆ ಹಿಡಿದು, ಟೊಳ್ಳುನೆಲದ ತನ್ನ ಬೀದಿಯುದ್ದಕ್ಕೂ ನೆಲ ಕುಟ್ಟಿ ಸದ್ದು ಕೇಳುತ್ತಾ ಹೋಗುತ್ತಿದ್ದಳು. "ಪಿಳ್ಳಕ್ಕಾ, ರಾಗಿ ಎಷ್ಟು ಸೇರಾಯ್ತು?" ಅಂತ ಹುಡುಗರು ಆಡಿಕೊಳ್ಳುತ್ತಿದ್ದರು. ನನಗೂ ನಾಚಿಕೆಯಾಗುತ್ತಿತ್ತು.

ಹೋದ ವರ್ಷ ನಾನೇ ಭಾಷಣ ಬರೆದುಕೊಟ್ಟೆ. "ಸುಮ್ನೆ ಓದಕ್ಕಾ, ಕೋಣೆ ಸಿಗ್ತದೆ" ಅಂದೆ. ಅವಳು ವೇದಿಕೆಯ ಮೇಲೆ ಕಾಗದ ಮಡಿಸಿದಳು. "ಇದು ನನ್ನ ತಮ್ಮ ಬರ್ದವ್ನೆ. ಅಕ್ಷರ ಚೆನ್ನಾಗೈತೆ. ನನ್ನ ಮಗಳು ಇದ್ದಿದ್ರೆ ಈಗ ಹದಿನಾರು. ಅಷ್ಟೇ."

"ನೀವಿನ್ನೂ ಅಲ್ಲೇ ಇದೀರಲ್ಲಮ್ಮ" ಅಂದು ಅಳತೆಯಮ್ಮ ಸೊನ್ನೆ ಹಾಕಿದಳು.

ಮುಂದಿನ ಹೆಸರು ನನ್ನದು. ಅಕ್ಕನ ಕೈಯಿಂದ ಅದೇ ಕಾಗದ ಕಿತ್ತುಕೊಂಡೆ. 'ನನ್ನ ಮಗಳು' ಅಂತ ಇದ್ದ ಕಡೆಯೆಲ್ಲ 'ನನ್ನ ಅಕ್ಕನ ಮಗಳು' ಅಂತ ಓದಿದೆ, ಕೊನೆಗೆ ನಕ್ಕೆ. ಒಬ್ಬನಿಗೆ ಸಾಲುವ ಕೋಣೆ ಸಿಕ್ಕಿತು. ಅಕ್ಕ ನನ್ನ ಹಾಸಿಗೆ ಹೊತ್ತು ತಂದಳು. ಹೊಸ ಕೋಣೆಯ ಮೂಲೆಮೂಲೆ ಕುಟ್ಟಿ ನೋಡಿ, "ಗಟ್ಟಿಯಾಗೈತೆ ಕಣೋ, ಮಲಕ್ಕೋ" ಅಂದು ಹೊರಟುಹೋದಳು.

ಒಂಬತ್ತನೇ ದಿನ ಬೆಳಿಗ್ಗೆ ಅವಳ ಒನಕೆಯ ಸದ್ದು ಬದಲಾಯಿತು. ಬಾಗಿಲು ಬಾಗಿಲು ಬಡಿದು ಇಪ್ಪತ್ತಮೂರು ಮನೆ ಖಾಲಿ ಮಾಡಿಸಿದಳು. ಆಡಿಕೊಂಡ ಹುಡುಗರೂ ಅದರಿಂದ ಬದುಕಿಕೊಂಡರು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕನನ್ನು ಎತ್ತಿ ತರಲು ಒಳಗೆ ಹೋದಾಗ ಬೀದಿ ಅವಳ ಸಮೇತ ಇಳಿಯಿತು.

ಆ ಕಿವಿ ಅವಳಿಗೆ ಬಂದದ್ದು ರತ್ನಿ ಹೋದ ಮೇಲೆ. ಅದನ್ನು ಗಳಿಕೆ ಅಂದಿದ್ದರೆ ಒನಕೆಯಲ್ಲೇ ಹೊಡೆಯುತ್ತಿದ್ದಳು. ಅಳತೆಯವರ ಪಟ್ಟಿಯಲ್ಲಿ ಅವಳದು ಇಂದಿಗೂ ಸೊನ್ನೆ.

ನಾಳೆ ಮತ್ತೆ ಕುಸಿದ ದಿನ. "ಈ ಸಲ ಒಡಹುಟ್ಟಿದೋಳು ಹೋಗವ್ಳೆ. ಎರಡು ಕೋಣೆದು ನಿಂಗೆ ಗ್ಯಾರಂಟಿ ಕಣಪ್ಪ" ಅಂತ ಅಳತೆಯಮ್ಮ ಬೆನ್ನು ತಟ್ಟಿದ್ದಾಳೆ. ಭಾಷಣ ಬರೆದಿಟ್ಟಿದ್ದೇನೆ, ಚೆನ್ನಾಗಿ ಬಂದಿದೆ. ನಗುವ ಜಾಗಕ್ಕೆ ಗೆರೆ ಎಳೆದಿದ್ದೇನೆ. ಓದುತ್ತೇನೆ. ನಾನು ಅಂಥವನೇ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪೆಟ್ಟು ತಿಂದು ಕೂತವರನ್ನು ಏನು ಕಲಿತೆ ಅಂತ ಕೇಳಬೇಡಿ. ಅವರು ಕೂತ ನೆಲವನ್ನು ಕುಟ್ಟಿ ನೋಡಿ.