ಅಮಾವಾಸ್ಯೆಯ ಗಾಲಿ ಪೂಜೆ

ದಾಕ್ಷಾಯಿಣಿ,

ಇವತ್ತು ಗರಗದ ದಾರಿಯಲ್ಲಿ ಕಾರಿನ ಮುಂದಿನ ಟಾಯರ್ ಸಿಡಿಯಿತು. ಪಕ್ಕದಲ್ಲಿ ಮೊಮ್ಮಗಳು ಸೌಂದರ್ಯಾ ಇದ್ದಳು. ಬ್ರೇಕ್ ತುಳಿಯಲಿಲ್ಲ; ಸ್ಟಿಯರಿಂಗ್ ಗಟ್ಟಿ ಹಿಡಿದು, ವೇಗ ತಾನಾಗಿ ಇಳಿದ ಮೇಲೆ ಬದಿಗೆ ನಿಲ್ಲಿಸಿದೆ. ಹುಡುಗಿಗೆ ಏನೂ ಆಗಿಲ್ಲ.

ಪಂಕ್ಚರ್ ಅಂಗಡಿಯವನು, "ಯಜಮಾನ್ರ, ಟಾಯರ್ ಸೀಳಿ ಭಾಳ ದಿನಾ ಆಗೇತ್ರಿ. ಮನ್ಯಾಗ ಯಾರೂ ನೋಡಂಗಿಲ್ಲೇನ್ರಿ?" ಎಂದ.

"ನಿನ್ನ ಕೆಲಸ ನೀ ಮಾಡೋ" ಎಂದು ಬೈದೆ.

ನೀನು ಹೋದ ಮೇಲೆ ಅಮಾವಾಸ್ಯೆಗೆ ಕಾರಿನ ಪೂಜೆ ನನ್ನದೇ. ಬಾನೆಟ್ಟಿಗೆ ಹೂವಿಟ್ಟು ಕಾಯಿ ಒಡೆದರೆ ಮುಗಿಯಿತು. ನೀನಾದರೆ ಒಂದೊಂದು ಗಾಲಿಯ ಮುಂದೂ ಕೂತು, ಸುತ್ತ ಕೈಯಾಡಿಸಿ ವಿಭೂತಿ ಹಚ್ಚುತ್ತಿದ್ದೆ. "ಇಲ್ಲೆ ಮೊಳಿ ಚುಚ್ಚೇತಿ, ನೋಡ್ರಿ" ಎಂದರೆ, "ಲಗೂ ಮುಗಸ, ಹೊತ್ತಾತು" ಎಂದು ನಾನು ಕೂಗುತ್ತಿದ್ದೆ.

ಸಂಜೆ ಉಳಿದ ಗಾಲಿ ನೋಡಲು ನಾನೂ ಕೂತೆ. ಮೊಣಕಾಲು ಹಿಡಿದುಕೊಂಡವು. ಸೌಂದರ್ಯಾ ಬಂದು ಎಬ್ಬಿಸಿದಳು.

ನಿನ್ನನ್ನು ಯಾರು ಎಬ್ಬಿಸುತ್ತಿದ್ದರು?